ಮೊಡವೆಗೆ ಆನ್‌ಲೈನ್‌ನಲ್ಲಿ ಕ್ಯಾಪ್ಸೂಲ್ ತರಿಸಿದ್ದಾಳೆ ತಂಗಿ, ಮದುವೆ ವೈಶಾಖಕ್ಕೆ. ಗೊತ್ತಿದ್ದವರು ಹೇಳಿ

ಕುಮಟಾ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 24 ವರ್ಷ, ನಿಶ್ಚಿತಾರ್ಥ ಆಗಿದೆ. ಗದ್ದದ ಸುತ್ತ ಗಂಟುಗಂಟಾಗಿ ಮೊಡವೆ ಏಳ್ತವೆ, ಒಣಗಿದ ಮೇಲೆ ಕುಳಿ ಬೀಳ್ತದೆ. ಗೆಳತಿ ಹೇಳಿದಳು ಅಂತ ಒಂದು ಆನ್‌ಲೈನ್ ಔಷಧ ಅಂಗಡಿಯಿಂದ ಐಸೊಟ್ರೆಟಿನಾಯಿನ್ 20 ಮಿಲಿಗ್ರಾಂ ಕ್ಯಾಪ್ಸೂಲ್ ತರಿಸಿದ್ದಾಳೆ. ಇನ್ನೂ ಶುರು ಮಾಡಿಲ್ಲ.

ಅವಳ ಮೊಬೈಲಿನಲ್ಲಿ ಆರ್ಡರ್ ಮಾಡಿದ ಪುಟ ತೆಗೆಸಿ ನೋಡಿದೆ. ಚೀಟಿ ಇಲ್ಲದವರಿಗೆ ವೈದ್ಯರೇ ಕರೆ ಮಾಡ್ತಾರೆ ಅಂತ ಒಂದು ಗುಂಡಿ ಇದೆ. ಕರೆ ಬಂತಂತೆ. ವಯಸ್ಸು, ತೂಕ, ಅಲರ್ಜಿ ಇದೆಯಾ, ಇಷ್ಟು ಕೇಳಿ ಇಟ್ಟರಂತೆ. 'ನೀವು ಗರ್ಭಿಣಿಯೇ?' ಅನ್ನುವ ಪ್ರಶ್ನೆ ಆ ಪುಟದಲ್ಲಿದೆ, ಆದರೆ 'ಇಲ್ಲ' ಅನ್ನುವುದಕ್ಕೆ ಮೊದಲೇ ಗುರುತು ಬಿದ್ದಿದೆ. ಮದುವೆ ಆಗಿದೆಯಾ, ಆಗಲಿದೆಯಾ ಅಂತ ಎಲ್ಲೂ ಇಲ್ಲ. ಕ್ಯಾಪ್ಸೂಲ್ ಪಟ್ಟಿಯ (ಸ್ಟ್ರಿಪ್) ಹಿಂಬದಿಯಲ್ಲಿ ಗರ್ಭಿಣಿಯರು ತಗೊಳ್ಳಬಾರದು ಅಂತ ಸಣ್ಣಕ್ಷರದಲ್ಲಿ ಅಚ್ಚಾಗಿದೆ. 'ನಾನೇನು ಗರ್ಭಿಣಿ ಅಲ್ವಲ್ಲ ಅಕ್ಕ' ಅಂತಾಳೆ. ಅಷ್ಟಕ್ಕೆ ಬಿಡಬಹುದಾ?

ಶಿರಸಿ ಫಾರ್ಮಸಿಸ್ಟ್

ಬಿಡಬೇಡಿ ಅಕ್ಕ. ಶುರು ಮಾಡಿಲ್ಲ ಅಂದ್ರಲ್ಲ, ಒಳ್ಳೆಯದೇ ಆಯ್ತು.

ಈ ಔಷಧ ಕೆಟ್ಟದ್ದು ಅಂತ ಯಾರೂ ತಿಳಿಯಬೇಡಿ. ಬೇರೆ ಯಾವುದಕ್ಕೂ ಬಗ್ಗದ ಗಂಟು ಮೊಡವೆಗೆ ಇದರಷ್ಟು ಕೆಲಸ ಮಾಡುವ ಮದ್ದು ಇನ್ನೊಂದಿಲ್ಲ. ಅಮೆರಿಕದಲ್ಲಿ 1982ರಲ್ಲೇ ಅನುಮತಿ ಸಿಕ್ಕಿತ್ತು. ಆದರೆ ಗರ್ಭ ನಿಂತಿರುವಾಗ ಇದು ಹೊಟ್ಟೆಗೆ ಹೋದರೆ ಮಗುವಿನ ಮಿದುಳು, ಹೃದಯ, ಕಿವಿ, ಮುಖದ ಮೂಳೆಗಳು ಸರಿಯಾಗಿ ರೂಪುಗೊಳ್ಳದೇ ಹೋಗಬಹುದು. ಹಾಗೆ ಹುಟ್ಟಿದ ಮಕ್ಕಳಲ್ಲಿ 100ಕ್ಕೆ 20ರಿಂದ 35 ಮಕ್ಕಳಿಗೆ ದೊಡ್ಡ ದೋಷ ಇರ್ತದೆ ಅನ್ನುವುದು ವೈದ್ಯರು ಒಪ್ಪಿದ ಅಂದಾಜು. ಗರ್ಭಪಾತವೂ ಹೆಚ್ಚು. ಕಡಿಮೆ ಡೋಸು, ನಾಲ್ಕೇ ದಿನ ತಗೊಂಡಿದ್ದು ಅಂದರೂ 'ಇಷ್ಟಾದರೆ ತೊಂದರೆ ಇಲ್ಲ' ಅನ್ನುವ ಮಟ್ಟ ಈ ಮದ್ದಿಗೆ ಇಲ್ಲ.

ತಂಗಿ ಇವತ್ತು ಗರ್ಭಿಣಿ ಅಲ್ಲ, ಖರೆ. ಕೋರ್ಸು ಸಾಧಾರಣ ನಾಲ್ಕರಿಂದ ಆರು ತಿಂಗಳು ನಡೀತದೆ. ಕೊನೆಯ ಕ್ಯಾಪ್ಸೂಲ್ ನುಂಗಿದ ಮೇಲೂ ಒಂದು ತಿಂಗಳು ಗರ್ಭ ನಿಲ್ಲಬಾರದು. ಈಗ ಶುರು ಮಾಡಿದರೆ ವೈಶಾಖಕ್ಕೆ ಎಲ್ಲಿಗೆ ಬಂತು, ನೀವೇ ಲೆಕ್ಕ ಹಾಕಿ. ಅದಕ್ಕೇ ನಮ್ಮ ಅಂಗಡಿಯಲ್ಲಿ ಈ ಚೀಟಿ ಹಿಡಿದು ಹೆಣ್ಣುಮಕ್ಕಳು ಬಂದರೆ ನಾನು ಕೇಳುವ ಮೊದಲ ಮಾತೇ ಮದುವೆಯದ್ದು. ಕೆಲವರಿಗೆ ಸಿಟ್ಟು ಬರ್ತದೆ, ಬರಲಿ. ಆ ಪ್ರಶ್ನೆಯೂ ಔಷಧದ ಒಂದು ಭಾಗವೇ. ಅದನ್ನು ಬಿಟ್ಟು ಬರೀ ಕ್ಯಾಪ್ಸೂಲ್ ಕೊಟ್ಟರೆ ಅರ್ಧ ಔಷಧ ಕೊಟ್ಟ ಹಾಗೆ.

ಕಾಳಿ ದಂಡೆ, ಕಾರವಾರ

ಫಾರ್ಮಸಿಸ್ಟ್ ಅವರು ಹೇಳಿದ್ದಕ್ಕೆ ನನ್ನ ವಿರೋಧ ಇಲ್ಲ. ಆದರೆ ಆನ್‌ಲೈನ್ ಅಂದ ಕೂಡಲೇ ಅಪಾಯ ಅನ್ನುವುದು ನಮ್ಮ ಜಿಲ್ಲೆಯವರಿಗೆ ಸರಿ ಹೋಗುವುದಿಲ್ಲ ಮಾರಾಯ್ರೆ. ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲಾ ಗೋವಾ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆಗೆ ಜಿಲ್ಲೆಯೇ ಕೂಗಿದ್ದು ಮರೆತಿಲ್ಲ ಅಲ್ದಾ? ನನ್ನ ಅಮ್ಮನ ಥೈರಾಯ್ಡ್ ಮಾತ್ರೆ, ಅಪ್ಪನ ಇನ್ಸುಲಿನ್ ಎಲ್ಲ ಕೊರಿಯರ್‌ನಲ್ಲೇ ಬರ್ತದೆ. ಮಳೆಗಾಲದಲ್ಲಿ ಘಟ್ಟ ಕುಸಿದು ರಸ್ತೆ ಬಂದ್ ಆದಾಗ ಕೂಡ ಒಂದೆರಡು ದಿನ ತಡವಾಗಿ ಆದರೂ ಬಂದಿದೆ. ಜೊಯಿಡಾದ ಒಳಗಿನ ಹಳ್ಳಿಯವರಿಗೆ ಚರ್ಮದ ಡಾಕ್ಟರು ಎಲ್ಲಿ ಸಿಗ್ತಾರೆ ಹೇಳಿ.

ಶಿರಸಿ ಫಾರ್ಮಸಿಸ್ಟ್

ಭಾವ, ಥೈರಾಯ್ಡ್ ಮಾತ್ರೆ ಬೇರೆ, ಇದು ಬೇರೆ. ಚೀಟಿ ಇದ್ದು, ಲೈಸನ್ಸ್ ಇರುವ ಅಂಗಡಿಯಿಂದ ಮನೆ ಬಾಗಿಲಿಗೆ ಬಂದರೆ ನನ್ನ ತಕರಾರೇ ಇಲ್ಲ. ನಾನು ಹೇಳ್ತಾ ಇರುವುದು ಗರ್ಭಕ್ಕೆ ಹಾನಿ ಮಾಡುವ ಔಷಧಗಳ ಮಾತು. ಅಮೆರಿಕದಲ್ಲಿ ಇದೊಂದು ಕ್ಯಾಪ್ಸೂಲಿಗೋಸ್ಕರ 2006ರಿಂದ 'ಐಪ್ಲೆಜ್' ಅಂತ ಬೇರೆಯೇ ವ್ಯವಸ್ಥೆ ಇಟ್ಟಿದ್ದಾರೆ. ಡಾಕ್ಟರು, ರೋಗಿ, ಔಷಧ ಅಂಗಡಿ ಮೂವರೂ ನೋಂದಾಯಿಸಿಕೊಳ್ಳಬೇಕು. ಗರ್ಭ ನಿಲ್ಲುವ ಸಾಧ್ಯತೆ ಇರುವ ಹೆಣ್ಣುಮಕ್ಕಳಿಗೆ ಶುರುವಿಗೆ ಮೊದಲು ಎರಡು ಸಲ ಗರ್ಭ ಪರೀಕ್ಷೆ, ಆಮೇಲೆ ತಿಂಗಳು ತಿಂಗಳು ಪರೀಕ್ಷೆ. ಒಂದು ಸಲಕ್ಕೆ 30 ದಿನಕ್ಕಿಂತ ಹೆಚ್ಚಿನ ಮಾತ್ರೆ ಕೊಡುವ ಹಾಗಿಲ್ಲ. ಇದನ್ನೆಲ್ಲ ದಾಟಿ ಇಂಟರ್ನೆಟ್ಟಿನಲ್ಲಿ ಕೊಳ್ಳಬೇಡಿ ಅಂತ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲೇ ಜನರಿಗೆ ಎಚ್ಚರಿಕೆ ಕೊಟ್ಟಿತ್ತು. ನಮ್ಮಲ್ಲಿ ಅಂಥ ನೋಂದಣಿ ಇಲ್ಲ. ಕೇಳುವ ಡಾಕ್ಟರು, ಕೇಳುವ ಅಂಗಡಿಯವ, ಇವರೇ ಇರುವ ಕಾವಲು. ಅದೂ ತಪ್ಪಿದರೆ ಏನುಳಿಯಿತು?

ಸಿಸ್ಟರ್, ಅಂಕೋಲಾ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು ನಾನು. 'ಗರ್ಭಿಣಿ ಅಂತ ಗೊತ್ತಾದ ಕೂಡಲೇ ಮಾತ್ರೆ ಬಿಟ್ಟರಾಯ್ತು' ಅಂತ ಎಷ್ಟೋ ಹುಡುಗಿಯರು ತಿಳಿದಿರ್ತಾರೆ. ಅಲ್ಲೇ ಮೋಸ ಹೋಗುವುದು. ಗರ್ಭ ಕಟ್ಟಿದ ಮೂರನೇ ವಾರದಿಂದ ಎಂಟನೇ ವಾರದೊಳಗೆ ಮಗುವಿನ ಮುಖ್ಯ ಅಂಗಗಳೆಲ್ಲ ಆಕಾರ ಪಡೀತವೆ. ಮುಟ್ಟು ತಪ್ಪಿತು ಅಂತ ಅನುಮಾನ ಬರುವ ಹೊತ್ತಿಗೇ ಗರ್ಭಕ್ಕೆ ಎರಡು ವಾರ ಆಗಿರ್ತದೆ. ಇನ್ನೊಂದು ವಾರ ನೋಡುವ ಅಂತ ಕಾದು, ಮೆಡಿಕಲ್‌ಗೆ ಹೋಗಿ ಕಾರ್ಡ್ ತಂದು ಪರೀಕ್ಷೆ ಮಾಡುವಾಗ ಆ ಕೆಲಸ ಶುರುವಾಗಿ ಹೋಗಿರ್ತದೆ.

ಇನ್ನೊಂದು ಮಾತು. ಗದ್ದದ ಸುತ್ತ ಗಂಟು ಮೊಡವೆ ಬರುವ ಎಷ್ಟೋ ಹುಡುಗಿಯರಿಗೆ ಪಿಸಿಒಡಿಯೂ (ಹಾರ್ಮೋನ್ ಏರುಪೇರಿನ ಅಂಡಾಶಯದ ತೊಂದರೆ) ಇರ್ತದೆ. ಮುಟ್ಟು ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ. ಅಂಥವರಿಗೆ ಮುಟ್ಟು ತಪ್ಪಿದ್ದು ಗೊತ್ತಾಗುವುದು ಹೇಗೆ? ನಮ್ಮಲ್ಲಿ ತಾಯಿ ಕಾರ್ಡ್ ಮಾಡಿಸಲು ಬರುವಾಗಲೇ ಮೂರು ತಿಂಗಳು ದಾಟಿದವರು ಎಷ್ಟೋ ಜನ. 'ಇದಕ್ಕೆ ಮೊದಲು ಯಾವ ಮಾತ್ರೆ ತಗೊಳ್ತಿದ್ದೆ ತಂಗಿ?' ಅಂದರೆ ಮನೆಯವರ ಎದುರು ಬಾಯಿ ಬಿಡುವುದಿಲ್ಲ. ಅತ್ತೆಯನ್ನು ಹೊರಗೆ ಕೂರಿಸಿ ಕೇಳಬೇಕು.

ಕುಮಟಾ ಅಕ್ಕ

ಸಿಸ್ಟರ್, ನೀವು ಹೇಳಿದ್ದು ಓದಿ ಎದೆ ಧಸಕ್ಕೆಂದಿತು. ತಂಗಿಗೂ ಮುಟ್ಟು ಸರಿ ಇಲ್ಲ. ಕ್ಯಾಪ್ಸೂಲ್ ನನ್ನ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದೇನೆ. ಆದರೆ ಮೊಡವೆಗೆ ಏನು ಮಾಡುವುದು? ಗಂಡಿನ ಕಡೆಯವರು ಬಂದಾಗ ಒಬ್ಬರು ಮುಖದ ಬಗ್ಗೆ ಮಾತಾಡಿದ್ದಾರೆ. ಅವಳು ಅದನ್ನೇ ಹಚ್ಚಿಕೊಂಡು ಕೂತಿದ್ದಾಳೆ, ಊಟ ಸರಿ ಮಾಡುವುದಿಲ್ಲ.

ಚರ್ಮದ ಡಾಕ್ಟರು (ಊರು ಶಿರಸಿ, ಈಗ ಹುಬ್ಬಳ್ಳಿ)

ಅಕ್ಕ, ಮದುವೆಗೆ ಕೆಲವೇ ತಿಂಗಳು ಇರುವವರಿಗೆ ನಾನು ಸಾಮಾನ್ಯವಾಗಿ ಈ ಔಷಧ ಶುರು ಮಾಡುವುದಿಲ್ಲ. ಹಚ್ಚುವ ಮದ್ದುಗಳಿವೆ. ಬೆಂಜಾಯಿಲ್ ಪೆರಾಕ್ಸೈಡ್, ಅಜೆಲಾಯಿಕ್ ಆಮ್ಲ, ಬೇಕಾದರೆ ಕೆಲವು ವಾರ ಆಂಟಿಬಯಾಟಿಕ್. ಪಿಸಿಒಡಿ ಇದ್ದರೆ ಅದನ್ನು ಸ್ತ್ರೀರೋಗ ತಜ್ಞರು ಬೇರೆಯಾಗಿ ನೋಡಬೇಕು. ಇಲ್ಲೂ ಜಾಗ್ರತೆ ಬೇಕು. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ಸ್ಪಿರೊನೊಲ್ಯಾಕ್ಟೋನ್ ಕೂಡ ಗರ್ಭದಲ್ಲಿ ಬೇಡ. ಐಸೊಟ್ರೆಟಿನಾಯಿನ್ ಬೇಕೇ ಬೇಕು ಅನ್ನಿಸಿದರೆ ಮದುವೆಯಾದ ಮೇಲೂ ಕೊಡಬಹುದು, ಮಗು ಈಗ ಬೇಡ ಅಂತ ಗಂಡ ಹೆಂಡತಿ ಇಬ್ಬರೂ ನಿರ್ಧರಿಸಿ, ನಂಬುವಂಥ ಗರ್ಭನಿರೋಧಕ ಬಳಸುವುದಾದರೆ. ಲಿವರ್, ಕೊಲೆಸ್ಟ್ರಾಲ್ ಪರೀಕ್ಷೆಯೂ ಮಾಡಿಸಬೇಕಾಗ್ತದೆ. ಆನ್‌ಲೈನ್‌ನಲ್ಲಿ ತಗೊಂಡವರಲ್ಲಿ ಈ ಪರೀಕ್ಷೆ ಮಾಡಿಸಿದವರನ್ನು ನಾನಂತೂ ನೋಡಿಲ್ಲ. ಈ ಮದ್ದು ನಡೆಯುವಾಗ ವಿಟಮಿನ್ ಎ ಮಾತ್ರೆ ಬೇರೆ ನುಂಗಬಾರದು, ಎರಡೂ ಒಂದೇ ಜಾತಿಯವು.

ಇದನ್ನು ಓದುವ ಯಾರಾದರೂ ತಗೊಳ್ಳುತ್ತಿರುವಾಗಲೇ ಗರ್ಭ ನಿಂತಿದ್ದರೆ ಮಾತ್ರೆ ಇವತ್ತೇ ನಿಲ್ಲಿಸಿ, ನಾಳೆಯೇ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಮಗುವಿಗೆ ತೊಂದರೆ ಆಗಿಯೇ ಇರ್ತದೆ ಅಂತ ಇಲ್ಲ. ಆಗಿಲ್ಲ ಅಂತ ಸುಮ್ಮನಿರುವ ಹಾಗೂ ಇಲ್ಲ. 18ರಿಂದ 20 ವಾರಕ್ಕೆ ಮಾಡುವ ಸ್ಕ್ಯಾನಿಂಗ್ ತಪ್ಪಿಸಬೇಡಿ. ಗರ್ಭ ನಿಲ್ಲುವುದಕ್ಕೆ ಒಂದು ತಿಂಗಳು ಮೊದಲೇ ನಿಲ್ಲಿಸಿದ್ದವರು ಹೆದರಬೇಕಾಗಿಲ್ಲ.

ಸಿದ್ದಾಪುರದ ಮಾಸ್ತರು (ನಿವೃತ್ತ)

ನಮ್ಮ ತಲೆಮಾರಿನವರಿಗೆ ಥಾಲಿಡೊಮೈಡ್ ನೆನಪಿರಬಹುದು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆ ಮಾತ್ರೆಯಾಗಿ ಬಂತು. ಚೀಟಿಯೇ ಬೇಕಿರಲಿಲ್ಲ. ಅಷ್ಟು ನಿರಪಾಯಕಾರಿ ಅಂತ ಜಾಹೀರಾತು. ಬಸುರಿಯರ ವಾಂತಿಗೂ ಕೊಟ್ಟರು. 1961ರ ಕೊನೆಗೆ ಅಲ್ಲಿ ವಾಪಸ್ ತೆಗೆಯುವ ಹೊತ್ತಿಗೆ ಬೇರೆ ಬೇರೆ ದೇಶಗಳಲ್ಲೂ ಹರಡಿ, ಒಟ್ಟು ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಸರಿ ಬೆಳೆಯದೆ ಹುಟ್ಟಿದ್ದರು. ಹುಟ್ಟಿದ ಕೆಲವೇ ಸಮಯದಲ್ಲಿ ತೀರಿಕೊಂಡ ಶಿಶುಗಳೂ ಬಹಳ. ಅಮೆರಿಕದಲ್ಲಿ ಮಾತ್ರ ಎಫ್‌ಡಿಎಯಲ್ಲಿದ್ದ ಫ್ರಾನ್ಸಿಸ್ ಕೆಲ್ಸಿ ಎಂಬ ಹೆಣ್ಣುಮಗಳು 'ನೀವು ಕೊಟ್ಟ ಪುರಾವೆ ಸಾಲದು' ಅಂತ ಅನುಮತಿಯನ್ನು ತಡೆದು ಹಿಡಿದಳು. ಕಂಪನಿಯವರು ಎಷ್ಟು ಒತ್ತಡ ಹಾಕಿದರೂ ಜಗ್ಗಲಿಲ್ಲ. ಒಬ್ಬಳು ಕೇಳಿದ ಪ್ರಶ್ನೆಯಿಂದ ಎಷ್ಟು ಮನೆ ಉಳಿದವು ನೋಡಿ.

ಆ ಔಷಧ ಇವತ್ತಿಗೂ ಇದೆ. ಕುಷ್ಠರೋಗದ ಒಂದು ಬಗೆಯ ಉರಿಯೂತಕ್ಕೆ, ಮೂಳೆಮಜ್ಜೆಯ ಕ್ಯಾನ್ಸರಿಗೆ ಕೊಡ್ತಾರೆ, ಉಪಕಾರವೂ ಆಗ್ತದೆ. ತಗೊಳ್ಳುವವನು ಗಂಡಸಾದರೆ ವೀರ್ಯದಲ್ಲೂ ಅದು ಇರ್ತದೆ, ಹಾಗಾಗಿ ಅವನೂ ಕಾಂಡೋಮ್ ಬಳಸಬೇಕು. ಇಂಥದ್ದನ್ನು ಯಾರ ಮುಖವನ್ನೂ ನೋಡದೆ ಪಾರ್ಸೆಲ್ ಮಾಡುವುದು ನನಗೆ ಸಹಿಸಲಾಗದ ಸಂಗತಿ.

ಯಲ್ಲಾಪುರ ಅತ್ತಿಗೆ

ಮೊಡವೆಯದ್ದೊಂದೇ ಅಲ್ಲ. ನಮ್ಮ ನೆಂಟರಲ್ಲಿ ಒಬ್ಬ ಹುಡುಗಿಗೆ ಹೈಸ್ಕೂಲಿನಿಂದ ಮೂರ್ಛೆ ರೋಗ. ವ್ಯಾಲ್ಪ್ರೊಯೇಟ್ ಮಾತ್ರೆ. ಹುಬ್ಬಳ್ಳಿಗೆ ಹೋಗಿ ಬರುವುದು ಕಷ್ಟ ಅಂತ ಹಳೇ ಚೀಟಿಯ ಫೋಟೊ ಹಾಕಿ ಆನ್‌ಲೈನ್‌ನಲ್ಲಿ ತರಿಸಿಕೊಳ್ಳುತ್ತಿದ್ದರು. ಚೀಟಿ ಬರೆದಾಗ ಅವಳು ಶಾಲೆಯ ಹುಡುಗಿ. ಆಮೇಲೆ ಕಾಲೇಜು ಮುಗಿಯಿತು, ಮದುವೆಯೂ ಆಯಿತು. ಚೀಟಿ ಅದೇ, ಮಾತ್ರೆ ಅದೇ, ತಿಂಗಳಿಗೆ ಸರಿಯಾಗಿ ಪಾರ್ಸೆಲ್. ಗಂಡನ ಮನೆಯ ಊರಿನ ಆಶಾ ಕಾರ್ಯಕರ್ತೆ 'ಮಗು ಬೇಕು ಅಂತ ಇದ್ದರೆ ಮೊದಲು ಆ ಮಾತ್ರೆ ಡಾಕ್ಟರಿಗೆ ತೋರಿಸಿ ಬಾ' ಅಂದದ್ದಕ್ಕೆ ವಿಷಯ ಹೊರಬಂತು. ಡಾಕ್ಟರು ನಿಧಾನಕ್ಕೆ ಬೇರೆ ಮಾತ್ರೆಗೆ ಬದಲಿಸಿದರು, ಫೋಲಿಕ್ ಆಸಿಡ್ ಕೊಟ್ಟರು. ಆ ಆಶಾ ತಾಯಿಗೆ ನಾವು ಎಷ್ಟು ಋಣಿ ಅಂತ ಹೇಳಲಾರೆ.

ಸಿಸ್ಟರ್, ಅಂಕೋಲಾ

ಅತ್ತಿಗೆ, ಇದನ್ನು ಬರೆದದ್ದು ತುಂಬ ಉಪಕಾರ ಆಯ್ತು. ವ್ಯಾಲ್ಪ್ರೊಯೇಟ್ ತಗೊಂಡ ತಾಯಂದಿರ ಮಕ್ಕಳಲ್ಲಿ 100ಕ್ಕೆ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ದೋಷ, ಬೆನ್ನುಹುರಿ ಮುಚ್ಚದೇ ಇರುವುದೂ ಅದರಲ್ಲಿ ಸೇರಿದೆ. 30ರಿಂದ 40 ಮಕ್ಕಳಿಗೆ ಮಾತು, ಕಲಿಕೆ, ಬುದ್ಧಿ ಬೆಳವಣಿಗೆಯಲ್ಲಿ ತೊಂದರೆ ಆಗಬಹುದು.

ಆದರೆ ಇದನ್ನು ಓದಿ ಯಾರೂ ಫಿಟ್ಸ್ ಮಾತ್ರೆಯನ್ನು ಇವತ್ತೇ ಬಿಸಾಡಬೇಡಿ. ಕೈ ಮುಗಿದು ಕೇಳ್ತೇನೆ. ದಿಢೀರ್ ಬಿಟ್ಟರೆ ಫಿಟ್ಸ್ ಒಂದರ ಹಿಂದೆ ಒಂದು ಬಂದು ತಾಯಿಯ ಜೀವಕ್ಕೇ ಅಪಾಯ, ಗರ್ಭದಲ್ಲಿದ್ದರೆ ಮಗುವಿಗೂ. ಐಸೊಟ್ರೆಟಿನಾಯಿನ್ ಅಂದೇ ನಿಲ್ಲಿಸಬೇಕು. ಫಿಟ್ಸ್ ಮಾತ್ರೆ ಡಾಕ್ಟರು ಹೇಳಿದ ಹಾಗೆ ಇಳಿಸಬೇಕು, ಬದಲಿಸಬೇಕು. ಬಿಪಿಗೆ ಕೊಡುವ ರಾಮಿಪ್ರಿಲ್, ಟೆಲ್ಮಿಸಾರ್ಟಾನ್, ಸಂಧಿವಾತದ ಮೆಥೊಟ್ರೆಕ್ಸೇಟ್, ರಕ್ತ ತೆಳುವಾಗಿಸುವ ವಾರ್ಫರಿನ್, ಇವೂ ಗರ್ಭಕ್ಕೆ ಒಗ್ಗದವು. ಒಂದೊಂದರ ದಾರಿ ಒಂದೊಂದು. ನಿಲ್ಲಿಸುವ ಮಾತಿಗೂ ಡಾಕ್ಟರೇ ಬೇಕು.

ಹೊನ್ನಾವರ ವಕೀಲ

ಕಾನೂನಿನ ಮಾತು ಸ್ವಲ್ಪ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ, 1945ರ ನಿಯಮಗಳು. ಈ ಕ್ಯಾಪ್ಸೂಲಿನಂಥ ಶೆಡ್ಯೂಲ್ ಎಚ್ ಔಷಧವನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಅತ್ತಿಗೆಯವರು ಬರೆದ ಹಳೇ ಚೀಟಿ ಇದೆಯಲ್ಲ, ಅದರ ಮೇಲೆ ಮತ್ತೆ ಮತ್ತೆ ಕೊಡುವುದೂ ತಪ್ಪು. ಇಂತಿಷ್ಟು ಸಲ ಕೊಡಿ ಅಂತ ವೈದ್ಯರು ಬರೆದಿದ್ದರೆ ಮಾತ್ರ ಎರಡನೇ ಸಲ ಕೊಡಬಹುದು. ಆನ್‌ಲೈನ್ ಔಷಧ ಮಾರಾಟಕ್ಕೇ ಪ್ರತ್ಯೇಕ ನಿಯಮದ ಕರಡನ್ನು ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಹೊರಡಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಲೈಸನ್ಸ್ ಇಲ್ಲದ ಆನ್‌ಲೈನ್ ಮಾರಾಟಕ್ಕೆ ದೆಹಲಿ ಹೈಕೋರ್ಟ್ ತಡೆ ಕೊಟ್ಟಿತು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಫೋನಿನಲ್ಲಿ ನೋಡಿದ ವೈದ್ಯರೂ ಚೀಟಿಯಲ್ಲಿ ತಮ್ಮ ಹೆಸರು, ನೋಂದಣಿ ಸಂಖ್ಯೆ ಕೊಡಲೇಬೇಕು.

ಕುಮಟಾ ಅಕ್ಕ, ತಂಗಿಗೆ ಅಂಥ ಚೀಟಿ ಬಂದಿದೆಯಾ ನೋಡಿ. ಬಿಲ್ಲಿನಲ್ಲಿ ಅಂಗಡಿಯ ವಿಳಾಸ, ಲೈಸನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಇರಬೇಕು. ಇಲ್ಲದಿದ್ದರೆ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಬರೆದು ದೂರು ಕೊಡಿ. ಬಿಲ್ಲು, ಪಟ್ಟಿ, ಆ ಪುಟದ ಸ್ಕ್ರೀನ್‌ಶಾಟ್ ಮೂರೂ ಇಟ್ಟುಕೊಳ್ಳಿ. ವಾಟ್ಸಾಪ್, ಇನ್‌ಸ್ಟಾಗ್ರಾಮ್‌ನಲ್ಲಿ ಮಾರುವವರ ಹತ್ತಿರ ಇದ್ಯಾವುದೂ ಇರುವುದಿಲ್ಲ.

ಶಿರಸಿ ಫಾರ್ಮಸಿಸ್ಟ್

ಪಟ್ಟಿಯ ಮಾತು ಬಂತಲ್ಲ. ಹೀಗೆ ತರಿಸಿದ ಒಂದು ಪಟ್ಟಿಯನ್ನು ಬನವಾಸಿ ಕಡೆಯ ಒಬ್ಬರು ನನ್ನ ಮೇಜಿನ ಮೇಲಿಟ್ಟು 'ಇದು ಒಳ್ಳೇದಾ ನೋಡಿ' ಅಂದರು. ಡಬ್ಬಿ ಇಲ್ಲ, ಒಳಗೆ ಇರಬೇಕಾದ ಮಾಹಿತಿ ಚೀಟಿಯೂ ಇಲ್ಲ. ಹತ್ತರ ಪಟ್ಟಿಯನ್ನು ಕತ್ತರಿಯಲ್ಲಿ ಕತ್ತರಿಸಿ ಆರು ಕ್ಯಾಪ್ಸೂಲ್ ಕಳಿಸಿದ್ದಾರೆ. ಅವಧಿ ಮುಗಿಯುವ ದಿನಾಂಕ, ಬ್ಯಾಚ್ ಸಂಖ್ಯೆ ಇರುವ ತುದಿ ಅವರ ಹತ್ತಿರವೇ ಉಳಿಯಿತು. ಗರ್ಭಿಣಿಯರ ಎಚ್ಚರಿಕೆಯ ಸಾಲು ನಡುವಿಗೆ ತುಂಡಾಗಿ 'ಗರ್ಭ' ಅನ್ನುವಲ್ಲಿಗೆ ನಿಂತಿತ್ತು. ಎರಡು ಕ್ಯಾಪ್ಸೂಲ್ ಬಿಸಿಲಿಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿದ್ದವು. ಒಳಗಿರುವುದು ಹೆಸರು ಬರೆದ ಔಷಧವೇ ಅಂತ ಹೇಳಲು ನನ್ನ ಹತ್ತಿರ ಏನೂ ಆಧಾರ ಇರಲಿಲ್ಲ.

ಹೆಸರು ಬೇಡ, ಜೊಯಿಡಾ

ನಾನು ಒಂದು ಮಾತು ಹೇಳಬೇಕು. ನಮ್ಮೂರಿಗೆ ಹತ್ತಿರದ ಪೇಟೆಯಲ್ಲಿ ಔಷಧ ಅಂಗಡಿಯವರು ಅಪ್ಪನ ಗೆಳೆಯರು. ನಾನು ಏನು ಕೊಂಡರೂ ಸಂಜೆಯೊಳಗೆ ಮನೆಗೆ ಗೊತ್ತಾಗ್ತದೆ. ನಾನು ಒಬ್ಬಳೇ ಚರ್ಮದ ಡಾಕ್ಟರ ಹತ್ತಿರ ಹೋಗ್ತೇನೆ ಅಂದರೂ 'ಎಂತಕ್ಕೆ' ಅಂತ ಹತ್ತು ಪ್ರಶ್ನೆ. ಗರ್ಭ ಪರೀಕ್ಷೆಯ ಕಾರ್ಡ್ ಕೇಳುವುದಂತೂ ಸಾಧ್ಯವೇ ಇಲ್ಲ. ಕೌಂಟರಿನಲ್ಲಿ ನಾಲ್ಕು ಜನರ ಎದುರು 'ಮದುವೆ ಆಗಿದೆಯಾ' ಅಂತ ಕೇಳಿದರೆ ನಾನಾದರೆ ಓಡಿ ಹೋಗ್ತೇನೆ. ಆನ್‌ಲೈನ್‌ಗೆ ಹೋಗುವ ಹುಡುಗಿಯರೆಲ್ಲ ಬುದ್ಧಿ ಇಲ್ಲದವರಲ್ಲ. ನಾಚಿಕೆ, ಹೆದರಿಕೆ.

ಶಿರಸಿ ಫಾರ್ಮಸಿಸ್ಟ್

ತಂಗಿ, ನೀ ಹೇಳಿದ್ದು ಸರಿ. ಕೌಂಟರಿನ ಮೇಲೆ ಎಲ್ಲರೆದುರು ಕೇಳಬಾರದು. ನಮ್ಮಲ್ಲಿ ಒಳಗೆ ಒಂದು ಕುರ್ಚಿ ಇದೆ, ಹೆಣ್ಣುಮಗಳೊಬ್ಬಳು ಕೆಲಸಕ್ಕಿದ್ದಾಳೆ, ಅವಳೇ ಕೂರಿಸಿ ಮಾತಾಡ್ತಾಳೆ. ಎಲ್ಲ ಅಂಗಡಿಯಲ್ಲೂ ಇಷ್ಟು ಮಾಡುವುದು ಕಷ್ಟವೇನಲ್ಲ. ನಮ್ಮ ವ್ಯಾಪಾರದವರಿಗೂ ಇದನ್ನು ಖಡಾಖಂಡಿತ ಹೇಳ್ತೇನೆ. ನಾವು ಹುಡುಗಿಯರ ಗುಟ್ಟು ಊರಿಗೆಲ್ಲ ಹಂಚಿದರೆ ಅವರು ಪಾರ್ಸೆಲ್‌ಗೇ ಹೋಗ್ತಾರೆ. ಅದರಲ್ಲಿ ಅವರದ್ದೇನೂ ತಪ್ಪಿಲ್ಲ.

ಸಿಸ್ಟರ್, ಅಂಕೋಲಾ

ಗರ್ಭ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಆಗ್ತದೆ ತಂಗಿ. ಆಶಾ ಕಾರ್ಯಕರ್ತೆಯರ ಹತ್ತಿರವೂ ಕಿಟ್ ಇರ್ತದೆ. ನಿಮ್ಮೂರಿನವರೇ ಆದರೆ ಮುಜುಗರ ಅನ್ನಿಸಿದರೆ ಬೇರೆ ಊರಿನ ಕೇಂದ್ರಕ್ಕೆ ಹೋಗು, ಯಾರೂ ತಡೆಯುವುದಿಲ್ಲ.

ಇದರ ಜೊತೆಗೆ ಇನ್ನೊಂದು. ಗರ್ಭ ತೆಗೆಯುವ ಕಿಟ್‌ಗಳನ್ನೂ ಆನ್‌ಲೈನ್‌ನಲ್ಲಿ ಗುಟ್ಟಾಗಿ ತರಿಸ್ತಾರೆ. 9 ವಾರದೊಳಗೆ, ಡಾಕ್ಟರು ನೋಡಿ ಕೊಟ್ಟರೆ ಅದು ಒಳ್ಳೆಯ ವಿಧಾನ. ನೋಡದೆ ನುಂಗಿದರೆ ಗರ್ಭ ಗರ್ಭಕೋಶದ ಬದಲು ನಳಿಕೆಯಲ್ಲಿ ಕಟ್ಟಿದ್ದು ಗೊತ್ತಾಗದೆ ಹೊಟ್ಟೆಯೊಳಗೆ ರಕ್ತಸ್ರಾವ ಆಗಿ ಪ್ರಾಣಕ್ಕೆ ಬರ್ತದೆ. ಅರ್ಧಂಬರ್ಧ ಆಗಿ ಗರ್ಭ ಮುಂದುವರಿದರೆ ಅದರೊಳಗಿನ ಮಿಸೊಪ್ರೊಸ್ಟಾಲ್ ಮಗುವಿನ ಮುಖದ ನರಗಳಿಗೆ, ಕೈಕಾಲುಗಳಿಗೆ ಪೆಟ್ಟು ಕೊಡಬಹುದು. ಡಾಕ್ಟರ ಹತ್ತಿರ ಗರ್ಭ ತೆಗೆಸಲು 18 ತುಂಬಿದ ಹೆಣ್ಣಿಗೆ ಅವಳ ಒಪ್ಪಿಗೆ ಒಂದೇ ಸಾಕು, ಗಂಡನದ್ದಾಗಲಿ ಅಪ್ಪನದ್ದಾಗಲಿ ಬೇಡ. ಅವಳ ಹೆಸರನ್ನು ಗುಟ್ಟಾಗಿಡಬೇಕು ಅಂತ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಲ್ಲೇ ಇದೆ.

ಕುಮಟಾ ಅಕ್ಕ

ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಇದೆ, ವೈದ್ಯರ ಚೀಟಿ ಅಂತ ಯಾವುದೂ ಬಂದಿಲ್ಲ. ವಕೀಲರು ಹೇಳಿದ ಹಾಗೆ ದೂರು ಬರೆದಿದ್ದೇನೆ. ತಂಗಿಯನ್ನು ಚರ್ಮದ ಡಾಕ್ಟರಿಗೆ ತೋರಿಸಲು ಮುಂದಿನ ವಾರಕ್ಕೆ ಹೆಸರು ಬರೆಸಿದ್ದೇವೆ. ಅವಳು ಈ ಚರ್ಚೆಯನ್ನೆಲ್ಲ ಓದಿದಳು. ಸಿಸ್ಟರ್ ಬರೆದದ್ದನ್ನು ಎರಡು ಸಲ ಓದಿದಳು.

ಕಾಳಿ ದಂಡೆ, ಕಾರವಾರ

ಒಂದು ಸಂಶಯ. ನನ್ನ ತಮ್ಮನೂ ಇದೇ ಮೊಡವೆ ಕ್ಯಾಪ್ಸೂಲ್ ತಗೊಳ್ತಾನೆ, ಡಾಕ್ಟರು ಬರೆದದ್ದೇ. ಕೂದಲು ಉದುರುವುದಕ್ಕೆ ಫಿನಾಸ್ಟರೈಡ್ ಬೇರೆ, ಅದು ಮಾತ್ರ ಆನ್‌ಲೈನ್‌ನಲ್ಲಿ ತರಿಸಿದ್ದು. ಗಂಡುಮಕ್ಕಳಿಗೆ ತೊಂದರೆ ಇಲ್ಲ ಅಲ್ದಾ? ಭಾನುವಾರ ಕಾಲೇಜಿನಲ್ಲಿ ರಕ್ತದಾನ ಶಿಬಿರಕ್ಕೆ ಹೆಸರು ಕೊಟ್ಟಿದ್ದಾನೆ. ಮನೆಯಲ್ಲಿ ಅತ್ತಿಗೆ ಬಸುರಿ.

ಚರ್ಮದ ಡಾಕ್ಟರು (ಊರು ಶಿರಸಿ, ಈಗ ಹುಬ್ಬಳ್ಳಿ)

ಐಸೊಟ್ರೆಟಿನಾಯಿನ್ ತಗೊಳ್ಳುವ ಗಂಡಸಿನಿಂದ ಅವನ ಮಗುವಿಗೆ ಅಪಾಯ ಅಂತ ಕಂಡುಬಂದಿಲ್ಲ. ರಕ್ತ ಮಾತ್ರ ಕೊಡಬಾರದು. ಆ ರಕ್ತ ಯಾವುದೋ ಬಸುರಿಗೆ ಹೋಗಬಹುದು. ಕೊನೆಯ ಕ್ಯಾಪ್ಸೂಲ್ ಆದ ಮೇಲೆ ಒಂದು ತಿಂಗಳು ಬಿಡಬೇಕು, ಫಿನಾಸ್ಟರೈಡ್‌ಗೂ ಒಂದು ತಿಂಗಳು. ಡ್ಯುಟಾಸ್ಟರೈಡ್ ಆದರೆ ಆರು ತಿಂಗಳು. ಸೋರಿಯಾಸಿಸ್‌ಗೆ ಅಸಿಟ್ರೆಟಿನ್ ತಗೊಂಡವರಾದರೆ ಮೂರು ವರ್ಷ. ಫಿನಾಸ್ಟರೈಡ್ ಮಾತ್ರೆ ಒಡೆದಿದ್ದರೆ, ಪುಡಿಯಾಗಿದ್ದರೆ ಅತ್ತಿಗೆ ಕೈಯಲ್ಲಿ ಮುಟ್ಟುವುದು ಬೇಡ, ಹೊಟ್ಟೆಯಲ್ಲಿರುವುದು ಗಂಡು ಮಗುವಾದರೆ ತೊಂದರೆ. ಇಡೀ ಮಾತ್ರೆ ಮುಟ್ಟಿದರೆ ಏನಾಗದು, ಮೇಲೆ ಲೇಪ ಇರ್ತದೆ.

ಶಿಬಿರದ ಡಾಕ್ಟರಿಗೆ ಎರಡೂ ಮಾತ್ರೆಯ ಹೆಸರು ಹೇಳಲು ತಿಳಿಸಿ. ಈ ಸಲ ಅವನು ಬೇರೆಯವರನ್ನು ಕರೆತರುವ ಕೆಲಸ ಮಾಡಲಿ, ಮಾತ್ರೆ ಮುಗಿದ ಮೇಲೆ ರಕ್ತ ಕೊಡಲಿ.

ಕಾಳಿ ದಂಡೆ, ಕಾರವಾರ

ಸರಿ ಡಾಕ್ಟ್ರೇ, ಈಗಲೇ ಅವನಿಗೆ ಫೋನ್ ಮಾಡ್ತೇನೆ.